ಶಾಲೆಯ ಬಾಗಿಲು

ಬೆಳಗಿನ ಹೊತ್ತು ಗುಬ್ಬಿಯ ಅಥವಾ ಕುಣಿಗಲ್ಲಿನ ಯಾವ ಬೀದಿಯಲ್ಲಿ ನಿಂತರೂ ಒಂದು ನೋಟ ಕಣ್ಣಿಗೆ ಬೀಳುತ್ತದೆ. ಬೆನ್ನಿಗೆ ಪುಸ್ತಕದ ಚೀಲವನ್ನು ಏರಿಸಿಕೊಂಡ ಬಾಲಕ ಬಾಲಕಿಯರು ಗುಂಪುಗುಂಪಾಗಿ ಶಾಲೆಯ ಕಡೆಗೆ ನಡೆಯುತ್ತಿರುತ್ತಾರೆ. ಅವರಲ್ಲಿ ಅಂಗಡಿಯವರ ಮಗನಿದ್ದಾನೆ, ಕೂಲಿಕಾರನ ಮಗಳಿದ್ದಾಳೆ, ತೋಟದ ಯಜಮಾನನ ಮೊಮ್ಮಗನಿದ್ದಾನೆ. ಗಂಟೆ ಬಾರಿಸಿದೊಡನೆ ಎಲ್ಲರೂ ಒಂದೇ ಬಾಗಿಲಿನಿಂದ ಒಳಗೆ ಹೋಗುತ್ತಾರೆ. ದಿನವೂ ಕಾಣುವ ನೋಟವಾದುದರಿಂದ ಇದರಲ್ಲಿ ವಿಶೇಷವೇನೂ ಇಲ್ಲವೆಂದು ನಮಗೆ ತೋರುತ್ತದೆ. ಆದರೆ ನೂರು ವರ್ಷಗಳ ಹಿಂದೆ ಇದೇ ಬೀದಿಯಲ್ಲಿ ನಿಂತವರಿಗೆ ಈ ನೋಟ ಕಾಣಸಿಗುತ್ತಿರಲಿಲ್ಲ. ಆ ಬಾಗಿಲು ಇಷ್ಟು ಅಗಲವಾದದ್ದು ಹೇಗೆ? ಅದನ್ನು ಅಗಲ ಮಾಡಿದವರು ಯಾರು? ಒಂದು ಸಣ್ಣ ಊರಿನ ಶಾಲೆಯ ನಿಜವಾದ ಚರಿತ್ರೆ ಈ ಪ್ರಶ್ನೆಗಳ ಉತ್ತರದಲ್ಲಿ ಅಡಗಿದೆ.

ಸರ್ಕಾರಿ ಶಾಲೆಗಳು ಹುಟ್ಟುವ ಮೊದಲು ನಮ್ಮ ನಾಡಿನ ಊರುಗಳಲ್ಲಿ ಇದ್ದದ್ದು ಕೂಲಿಮಠಗಳು. ದೇವಾಲಯದ ಮಂಟಪವೋ, ಊರ ಗೌಡರ ಮನೆಯ ಜಗಲಿಯೋ, ಮರದ ನೆರಳೋ ಕೂಲಿಮಠದ ನೆಲೆಯಾಗಿತ್ತು. ಅಲ್ಲಿ ಪಾಠ ಹೇಳುವವರನ್ನು ಮಕ್ಕಳು 'ಅಯ್ಯನವರು' ಎಂದು ಕರೆಯುತ್ತಿದ್ದರು. ಅಯ್ಯನವರಿಗೆ ಸಂಬಳವೆಂದರೆ ಮಕ್ಕಳ ಮನೆಯವರು ಕೊಡುವ ದವಸಧಾನ್ಯ, ಹಬ್ಬದ ದಿನದ ಕಾಣಿಕೆ, ಅಷ್ಟಿಷ್ಟು ಹಣ. ಮಕ್ಕಳು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಕೈ ಕುದುರಿದ ಮೇಲೆ ಕಡತದ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬಟ್ಟೆಗೆ ಹುಣಿಸೆಬೀಜದ ಗಂಜಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕಪ್ಪು ಹಾಳೆಯೇ ಕಡತ. ಬರೆದುದನ್ನು ಒರೆಸಿ ಮತ್ತೆ ಬರೆಯಬಹುದಾಗಿತ್ತು. ಮಗ್ಗಿ, ಲೆಕ್ಕ, ಓಲೆ ಬರೆಯುವ ಕ್ರಮ, ಕಾವ್ಯದ ಕೆಲವು ಪದ್ಯಗಳು, ಇವು ಅಲ್ಲಿನ ಪಾಠ. ಅರ್ಥಕ್ಕಿಂತ ಬಾಯಿಪಾಠಕ್ಕೆ ಹೆಚ್ಚು ಬೆಲೆ.

ಆ ಕಾಲದ ಕೂಲಿಮಠಗಳ ಬಗೆಗೆ ಒಂದು ಸೊಗಸಾದ ವರದಿ ಉಳಿದು ಬಂದಿದೆ. ಅದು 1823ರಲ್ಲಿ ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ ಬರೆದದ್ದು. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ ಗೌರವ ಸೂಚಕವಾಗಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರಂತೆ. ಎರಡನೆಯವನಿಗೆ ಸೊನ್ನೆ. ಮೂರನೆಯವನಿಗೆ ಮೆಲ್ಲನೆಯ ಒಂದು ಪೆಟ್ಟು, ನಾಲ್ಕನೆಯವನಿಗೆ ಎರಡು. ಹೀಗೆ ತಡವಾದಂತೆಲ್ಲ ಪೆಟ್ಟುಗಳು ಏರುತ್ತಿದ್ದವು. ದೊಡ್ಡ ತಪ್ಪಿಗೆ 'ಕೋದಂಡ'ದ ಶಿಕ್ಷೆಯೂ ಇತ್ತು. ಸೂರಿನ ತೊಲೆಗೆ ಕಟ್ಟಿದ ಹಗ್ಗವನ್ನು ಹಿಡಿದು ಹುಡುಗನು ನೇತಾಡಬೇಕಾಗಿತ್ತು. ಇದೇ ಕೂಲಿಮಠದಲ್ಲಿ ಒಂದು ಜಾಣತನದ ಕ್ರಮವೂ ಇತ್ತು. ಮುಂದಿನ ತಂಡದ ಹುಡುಗರು ಹಿಂದಿನ ತಂಡದವರಿಗೆ ಪಾಠ ಹೇಳಿಕೊಡುತ್ತಿದ್ದರು. ಇಂತಹ ಪದ್ಧತಿಯನ್ನು ಮದರಾಸಿನಲ್ಲಿ ಬಳಸಿ ನೋಡಿದ ಆಂಡ್ರೂ ಬೆಲ್ ಎಂಬ ಪಾದ್ರಿಯು ಅದನ್ನು 'ಮದರಾಸು ಪದ್ಧತಿ' ಎಂಬ ಹೆಸರಿನಿಂದ ಇಂಗ್ಲೆಂಡಿನ ಶಾಲೆಗಳಲ್ಲಿ ಬಳಕೆಗೆ ತಂದನು. ನಮ್ಮ ಜಗಲಿಯ ಶಾಲೆ ಕಡಲಾಚೆಯವರಿಗೂ ಪಾಠ ಕಲಿಸಿತು.

ಆದರೆ ಆ ಜಗಲಿಯ ಮೇಲೆ ಕುಳಿತವರು ಎಷ್ಟು ಮಂದಿ? ಕ್ಯಾಂಪ್‌ಬೆಲ್ಲನ ಲೆಕ್ಕದಂತೆ ಬಳ್ಳಾರಿ ಜಿಲ್ಲೆಯಲ್ಲಿ ಇದ್ದ ಶಾಲೆಗಳು 533. ಅವುಗಳಲ್ಲಿ ಓದುತ್ತಿದ್ದವರು 6,641 ಮಂದಿ. ಜಿಲ್ಲೆಯ ಜನಸಂಖ್ಯೆಯಾದರೋ ಒಂಬತ್ತು ಲಕ್ಷವನ್ನು ಮೀರಿತ್ತು. ಅಂದರೆ ಸಾವಿರಕ್ಕೆ ಸುಮಾರು ಏಳು ಮಂದಿ ಮಾತ್ರ. ಓದುತ್ತಿದ್ದವರಲ್ಲಿ ಹೆಣ್ಣುಮಕ್ಕಳು ಸುಮಾರು 60 ಮಾತ್ರ. ಮೈಸೂರು ಸೀಮೆಯ ಸ್ಥಿತಿಯೂ ಇದಕ್ಕಿಂತ ಬಹಳ ಬೇರೆಯಾಗಿದ್ದಿರಲಾರದು. ಜಗಲಿಗೆ ಬಾಗಿಲು ಇರಲಿಲ್ಲ. ಆದರೂ ಅದರ ಮೆಟ್ಟಿಲನ್ನು ಹತ್ತಬಲ್ಲವರು ಕೆಲವರೇ ಆಗಿದ್ದರು.

ತುಮಕೂರು ಸೀಮೆಯಲ್ಲಿ ಹೊಸ ಬಗೆಯ ಶಾಲೆಯ ಗಾಳಿ ಮೊದಲು ಬೀಸಿದ ಸ್ಥಳಗಳಲ್ಲಿ ಗುಬ್ಬಿಯೂ ಒಂದು. 1837ರ ವೇಳೆಗೆ ವೆಸ್ಲಿಯನ್ ಮಿಷನ್ನಿನವರು ಅಲ್ಲಿ ನೆಲೆ ಮಾಡಿಕೊಂಡರು. 1839ರಲ್ಲಿ ಅಲ್ಲಿಗೆ ಬಂದ ವಿಲಿಯಂ ಆರ್ಥರ್ ಎಂಬ ತರುಣ ಪಾದ್ರಿಯು ಕನ್ನಡವನ್ನು ಕಲಿತು, ತಾನು ಕಂಡ ಮೈಸೂರು ಸೀಮೆಯ ಜನಜೀವನವನ್ನು ಕುರಿತು ಪುಸ್ತಕವನ್ನೇ ಬರೆದನು. ಮಿಷನ್ನಿನವರ ಮುಖ್ಯ ಉದ್ದೇಶ ಧರ್ಮಪ್ರಚಾರ. ಆದರೂ ಅಚ್ಚಾದ ಪುಸ್ತಕ, ಭೂಗೋಳದ ಪಾಠ, ಇಂಗ್ಲಿಷ್ ಭಾಷೆ ಮುಂತಾದವು ಈ ಭಾಗದ ಜನಕ್ಕೆ ಪರಿಚಯವಾಗುವಲ್ಲಿ ಇಂತಹ ಶಾಲೆಗಳ ಪಾತ್ರವೂ ಇತ್ತು.

ಸರ್ಕಾರವು ಶಿಕ್ಷಣವನ್ನು ತನ್ನ ಹೊಣೆಯೆಂದು ಒಪ್ಪಿಕೊಂಡದ್ದು ಆ ಬಳಿಕ. 1854ರಲ್ಲಿ ಇಂಗ್ಲೆಂಡಿನಿಂದ ಬಂದ 'ವುಡ್‌ನ ನಿರೂಪ'ವನ್ನು ಅನುಸರಿಸಿ 1857ರಲ್ಲಿ ಮೈಸೂರು ಸೀಮೆಯಲ್ಲಿ ವಿದ್ಯಾ ಇಲಾಖೆ ಸ್ಥಾಪನೆಯಾಯಿತು. ಮೊದಮೊದಲು ಇಲಾಖೆಯ ಗಮನವೆಲ್ಲ ದೊಡ್ಡ ಊರುಗಳ ಮೇಲೆ. ಹಳ್ಳಿಗಳಿಗೆ ಶಾಲೆ ತಲುಪಲೆಂದು 1868ರಲ್ಲಿ ಒಂದು ಯೋಜನೆ ರೂಪುಗೊಂಡಿತು. ಹೋಬಳಿಗೊಂದು ಶಾಲೆ ಇರಬೇಕು, ಅಲ್ಲಿ ತಾಯ್ನುಡಿಯಲ್ಲಿ ಪಾಠ ನಡೆಯಬೇಕು ಎಂಬುದು ಅದರ ತಿರುಳು. ಇದನ್ನು ರೂಪಿಸಿದವರು ಬಿ. ಎಲ್. ರೈಸ್. ಶಾಲೆಗಳ ತನಿಖೆಗಾಗಿ ಊರೂರು ಸುತ್ತುತ್ತಿದ್ದಾಗ ಗುಡಿಗಳ ಮುಂದೆ, ಕೆರೆ ಏರಿಗಳ ಮೇಲೆ ನಿಂತಿದ್ದ ಶಾಸನಗಳು ರೈಸರ ಕಣ್ಣಿಗೆ ಬಿದ್ದವು. ಆ ಆಸಕ್ತಿಯಿಂದಲೇ 'ಎಪಿಗ್ರಾಫಿಯಾ ಕರ್ನಾಟಿಕಾ' ಎಂಬ ಶಾಸನ ಸಂಪುಟಗಳ ಮಾಲೆ ಹುಟ್ಟಿತು. ತುಮಕೂರು ಜಿಲ್ಲೆಯ ಶಾಸನಗಳು ಅದರ ಹನ್ನೆರಡನೆಯ ಸಂಪುಟವಾಗಿ 1904ರಲ್ಲಿ ಪ್ರಕಟವಾದವು. ಹಳ್ಳಿಯ ಮಕ್ಕಳಿಗೆ ಅಕ್ಷರ ಕಲಿಸಲು ಹೊರಟವರು ಹಳ್ಳಿಯ ಕಲ್ಲುಗಳಿಂದ ನಾಡಿನ ಚರಿತ್ರೆಯನ್ನು ಓದಿದರು!

ಹೋಬಳಿ ಶಾಲೆ ಬಂದ ಮೇಲೆ ಕಲಿಕೆಯ ಕ್ರಮ ಬದಲಾಯಿತು. ಉಪಾಧ್ಯಾಯರಿಗೆ ತರಬೇತಿ ಕೊಡಲು ನಾರ್ಮಲ್ ಸ್ಕೂಲುಗಳು ಏರ್ಪಟ್ಟವು. ತರಗತಿ, ವೇಳಾಪಟ್ಟಿ, ಹಾಜರಿ ಪುಸ್ತಕ, ಪರೀಕ್ಷೆ, ಇನ್‌ಸ್ಪೆಕ್ಟರರ ತನಿಖೆ ಇವೆಲ್ಲ ಹೊಸದಾಗಿ ಬಂದವು. ಮರಳು ಮತ್ತು ಕಡತಗಳ ಸ್ಥಾನಕ್ಕೆ ಕಲ್ಲಿನ ಸ್ಲೇಟು, ಮಸಿಕುಡಿಕೆ, ಕಾಗದ ಬಂದವು. ಅಯ್ಯನವರು 'ಮೇಷ್ಟ್ರು' ಆದರು. ಅವರ ಸಂಬಳ ರಾಗಿ ಬತ್ತಗಳ ಬದಲು ಖಜಾನೆಯಿಂದ ಬರತೊಡಗಿತು. ಎಷ್ಟೋ ಊರುಗಳಲ್ಲಿ ಇದ್ದದ್ದು ಏಕೋಪಾಧ್ಯಾಯ ಶಾಲೆಯೇ. ಒಬ್ಬರೇ ಮೇಷ್ಟ್ರು ಒಂದೇ ಕೊಠಡಿಯಲ್ಲಿ ನಾಲ್ಕು ತರಗತಿಗಳನ್ನು ನಡೆಸಬೇಕಾಗಿತ್ತು. ಒಂದು ಸಾಲಿಗೆ ಲೆಕ್ಕ ಹಾಕಿಕೊಟ್ಟು, ಇನ್ನೊಂದು ಸಾಲಿಗೆ ಕಾಪಿ ಬರೆಯಲು ಹೇಳಿ, ಮೂರನೆಯ ಸಾಲಿಗೆ ಪದ್ಯ ಓದಿಸುವ ಜಾಣ್ಮೆ ಅವರಿಗೆ ಬೇಕಾಗಿತ್ತು.

ಶಾಲೆ ಊರಿಗೆ ಬಂದಿತು ನಿಜ; ಊರಿನ ಮಕ್ಕಳೆಲ್ಲ ಶಾಲೆಗೆ ಬಂದರೇ? 1901ರ ಜನಗಣತಿಯಂತೆ ಭಾರತದಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಸುಮಾರು ಐದು ಮಂದಿ. ಹೆಂಗಸರಲ್ಲಿ ನೂರಕ್ಕೆ ಒಬ್ಬರೂ ಇರಲಿಲ್ಲ. ಇದಕ್ಕೆ ಕಾರಣಗಳು ಹಲವು. ಬಡವರ ಮನೆಯಲ್ಲಿ ಮಗುವೂ ದುಡಿಯುವ ಕೈಯೇ. ರಾಗಿ ಕೊಯ್ಲು ಬಂದರೆ, ದನ ಕಾಯುವವರಿಲ್ಲದಿದ್ದರೆ, ಮನೆಯಲ್ಲಿ ಕೂಸು ಹುಟ್ಟಿದರೆ ಮಗುವಿನ ಓದು ನಿಲ್ಲುತ್ತಿತ್ತು. ಹೆಣ್ಣುಮಕ್ಕಳಿಗೆ ಓದು ಏಕೆಂಬ ಮಾತು ಮನೆಮನೆಯಲ್ಲಿತ್ತು. ಎಲ್ಲಕ್ಕಿಂತ ಕಠೋರವಾದ ತಡೆ ಅಸ್ಪೃಶ್ಯತೆಯದು. ಅಸ್ಪೃಶ್ಯರೆಂದು ಹೊರಗಿಡಲ್ಪಟ್ಟವರ ಮಕ್ಕಳನ್ನು ಶಾಲೆಗೆ ಸೇರಿಸಲು ಊರಿನವರು ಒಪ್ಪುತ್ತಿರಲಿಲ್ಲ. ಸೇರಿಸಿದರೂ ಬೇರೆಯಾಗಿ ಕೂರಿಸುವುದು ನಾಡಿನ ಹಲವೆಡೆ ರೂಢಿಯಾಗಿತ್ತು. ಮುಂದೆ ನಮ್ಮ ಸಂವಿಧಾನದ ಕರಡನ್ನು ರೂಪಿಸಿದ ಡಾ. ಅಂಬೇಡ್ಕರರೇ ಬಾಲ್ಯದಲ್ಲಿ ಮಹಾರಾಷ್ಟ್ರದ ಸಾತಾರೆಯ ಶಾಲೆಯಲ್ಲಿ ಮನೆಯಿಂದ ಒಯ್ದ ಗೋಣಿತಟ್ಟಿನ ಮೇಲೆ ಬೇರೆಯಾಗಿ ಕೂರಬೇಕಾಗಿತ್ತು. ಶಾಲೆಯ ನಲ್ಲಿಯನ್ನು ಮುಟ್ಟುವಂತಿರಲಿಲ್ಲ.

ಈ ತಡೆಗಳನ್ನು ಒಂದೊಂದಾಗಿ ಕೆಡಹುವ ಕೆಲಸ ನಿಧಾನವಾಗಿ ನಡೆಯಿತು. ಹೆಣ್ಣುಮಕ್ಕಳ ಶಿಕ್ಷಣಕ್ಕೆ 1881ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಮಹಾರಾಣಿಯವರ ಬಾಲಿಕಾ ಪಾಠಶಾಲೆ ದಾರಿ ತೋರಿತು. ತುಮಕೂರಿನಲ್ಲಿ ಎಂಪ್ರೆಸ್ ಬಾಲಿಕಾ ಶಾಲೆ ತಲೆಯೆತ್ತಿ, ಇಂದಿಗೂ ಆ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಎಲ್ಲ ಮಕ್ಕಳಿಗೂ ಕಡ್ಡಾಯ ಶಿಕ್ಷಣ ಬೇಕೆಂದು ಗೋಪಾಲಕೃಷ್ಣ ಗೋಖಲೆಯವರು 1911ರಲ್ಲಿ ಕೇಂದ್ರ ಶಾಸನ ಸಭೆಯಲ್ಲಿ ಮಂಡಿಸಿದ ಮಸೂದೆ ಬಿದ್ದುಹೋಯಿತು. ಆದರೆ ಸಂಸ್ಥಾನಗಳು ಬ್ರಿಟಿಷ್ ಸರ್ಕಾರಕ್ಕಿಂತ ಮುಂದೆ ಹೆಜ್ಜೆಯಿಟ್ಟವು. ಬರೋಡೆಯ ಬಳಿಕ ಮೈಸೂರು ಸಂಸ್ಥಾನವು, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾಯಿದೆಯನ್ನು ಜಾರಿಗೆ ತಂದಿತು. ಆಯ್ದ ಸ್ಥಳಗಳಲ್ಲಿ ಮಕ್ಕಳನ್ನು ಶಾಲೆಗೆ ಕಳುಹಿಸುವುದು ಕಡ್ಡಾಯವಾಯಿತು. ಅದೇ ದಶಕದಲ್ಲಿ, ಜಾತಿಯ ಕಾರಣದಿಂದ ಯಾವ ಮಗುವಿಗೂ ಸರ್ಕಾರಿ ಶಾಲೆಯ ಪ್ರವೇಶವನ್ನು ನಿರಾಕರಿಸಬಾರದೆಂಬ ನೀತಿಯನ್ನು ಸಂಸ್ಥಾನವು ಕೈಗೊಂಡಿತು. ಅದಕ್ಕೆ ವಿರೋಧವೂ ಎದ್ದಿತು. ಕಾಯಿದೆ ಕಾಗದದ ಮೇಲೆ ಬೇಗ ಇಳಿಯುತ್ತದೆ. ಜನರ ಮನಸ್ಸಿಗೆ ಇಳಿಯಲು ಕಾಲ ಬೇಕಾಗುತ್ತದೆ.

ಪ್ರಾಥಮಿಕ ಶಾಲೆಯ ಹಂತವನ್ನು ದಾಟಿದ ಹುಡುಗನಿಗೆ ಮುಂದೆ ಇನ್ನೊಂದು ಕಷ್ಟವಿತ್ತು. ಹೈಸ್ಕೂಲುಗಳು ಜಿಲ್ಲೆಯಲ್ಲಿ ಬೆರಳೆಣಿಕೆಯಷ್ಟು. ಹಾಗಲವಾಡಿ, ಚೇಳೂರು, ಹುಲಿಯೂರುದುರ್ಗ, ಅಮೃತೂರುಗಳಂಥ ದೂರದ ಹೋಬಳಿಗಳ ಹುಡುಗರು ಹೆಚ್ಚಿನ ಓದಿಗಾಗಿ ಊರು ಬಿಡಬೇಕಾಗಿತ್ತು. ಪಟ್ಟಣದಲ್ಲಿ ಇರಲು ಜಾಗ, ಉಣ್ಣಲು ಅನ್ನ ಎಲ್ಲಿಂದ ಬರಬೇಕು? ಕೆಲವರು ವಾರಾನ್ನದಿಂದ ಓದಿದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ವಾರದ ಏಳು ದಿನ ಏಳು ಮನೆಗಳಲ್ಲಿ ಊಟ ಮಾಡಿಕೊಂಡು ಓದುವುದೇ ವಾರಾನ್ನ. ಆದರೆ ವಾರಾನ್ನವೂ ಜಾತಿಯ ಗೆರೆಯನ್ನು ದಾಟುತ್ತಿರಲಿಲ್ಲ. ಎಲ್ಲ ಜಾತಿಯ ಬಡ ಮಕ್ಕಳಿಗೂ ಅನ್ನ ಮತ್ತು ಅಕ್ಷರ ಒಂದೇ ಸೂರಿನ ಕೆಳಗೆ ದೊರೆಯುವ ತಾಣವೊಂದು ಬೇಕಾಗಿತ್ತು.

ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿದ್ದು ತುಮಕೂರಿನ ಸಮೀಪದ ಸಿದ್ಧಗಂಗೆ. ಅಲ್ಲಿ ಉದ್ದಾನ ಶಿವಯೋಗಿಗಳ ಕಾಲದಲ್ಲಿ, 1917ರಲ್ಲಿ, ಸಂಸ್ಕೃತ ಪಾಠಶಾಲೆ ಆರಂಭವಾಯಿತು. ಮಾಗಡಿ ತಾಲ್ಲೂಕಿನ ವೀರಾಪುರದ ಬಾಲಕನೊಬ್ಬನು ತುಮಕೂರಿನ ಬಳಿಯ ನಾಗವಲ್ಲಿಯ ಶಾಲೆಯಲ್ಲಿ ಓದಿ, 1926ರಲ್ಲಿ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾದನು. ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋಗಿ ಮುಂದೆ ಓದಿದನು. ಅವರೇ 1930ರಲ್ಲಿ ಸಿದ್ಧಗಂಗಾ ಮಠದ ಉತ್ತರಾಧಿಕಾರಿಗಳಾದ ಶ್ರೀ ಶಿವಕುಮಾರ ಸ್ವಾಮಿಗಳು. 1941ರಲ್ಲಿ ಮಠದ ಪೂರ್ಣ ಹೊಣೆಯನ್ನು ಹೊತ್ತ ಅವರು 2019ರಲ್ಲಿ ಲಿಂಗೈಕ್ಯರಾಗುವವರೆಗೂ ಅನ್ನ, ಅಕ್ಷರ, ಆಶ್ರಯ ಎಂಬ ಮೂರು ದಾಸೋಹಗಳನ್ನು ನಡೆಸಿದರು. ಜಾತಿ ಮತಗಳನ್ನು ಕೇಳದೆ ಸಾವಿರಾರು ಮಕ್ಕಳನ್ನು ಮಠವು ತನ್ನ ವಿದ್ಯಾರ್ಥಿ ನಿಲಯದಲ್ಲಿ ಇರಿಸಿಕೊಂಡು ಓದಿಸಿತು. ಆ ಪದ್ಧತಿ ಈಗಲೂ ಮುಂದುವರಿದಿದೆ. ಹಳ್ಳಿಯ ಶಾಲೆಯಲ್ಲಿ ಕಲಿತ ಒಬ್ಬ ಬಾಲಕನು ಮುಂದೆ ಸಾವಿರಾರು ಹಳ್ಳಿಯ ಮಕ್ಕಳಿಗೆ ಬಾಗಿಲು ತೆರೆದ ಕಥೆಯಿದು.

ಸ್ವಾತಂತ್ರ್ಯಾನಂತರ ಶಿಕ್ಷಣವು ದಾನದ ಮಾತಾಗಿ ಉಳಿಯಲಿಲ್ಲ; ಕ್ರಮೇಣ ಅದು ಹಕ್ಕಿನ ಮಾತಾಯಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನವು ಅಸ್ಪೃಶ್ಯತೆಯನ್ನು ರದ್ದುಪಡಿಸಿತು. 1956ರಲ್ಲಿ ಕನ್ನಡ ನಾಡು ಒಂದಾದ ಮೇಲೆ, 1961ರಲ್ಲಿ, ಇಡೀ ರಾಜ್ಯಕ್ಕೆ ಅನ್ವಯಿಸುವ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂದಿತು. 1966ರಲ್ಲಿ ಪ್ರೌಢಶಿಕ್ಷಣ ಪರೀಕ್ಷಾ ಮಂಡಲಿ ಸ್ಥಾಪನೆಯಾಗಿ, ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ನಡೆಸುವ ಹೊಣೆಯನ್ನು ಹೊತ್ತಿತು. ಹೋಬಳಿ ಕೇಂದ್ರಗಳಲ್ಲಿ ಪ್ರೌಢಶಾಲೆಗಳು ಹೆಚ್ಚಿದವು. ಎಷ್ಟೋ ಊರುಗಳಲ್ಲಿ ಜನರೇ ಜಾಗ ಕೊಟ್ಟು, ಕಲ್ಲು ಮಣ್ಣು ಹೊತ್ತು ಶಾಲೆಯ ಕೊಠಡಿಗಳನ್ನು ಕಟ್ಟಿದರು. 1970ರ ದಶಕದಲ್ಲಿ ಹಿಂದುಳಿದ ವರ್ಗಗಳ ಹಾಗೂ ಪರಿಶಿಷ್ಟರ ಮಕ್ಕಳಿಗಾಗಿ ಸರ್ಕಾರವು ವಿದ್ಯಾರ್ಥಿ ನಿಲಯಗಳನ್ನು ಹೆಚ್ಚಿಸಿದುದರಿಂದ, ವಾರಾನ್ನದ ಹಂಗಿಲ್ಲದೆ ಓದುವುದು ಸಾಧ್ಯವಾಯಿತು. ತಮ್ಮ ಮನೆತನದಲ್ಲಿ ಮೊತ್ತಮೊದಲು ಅಕ್ಷರ ಕಲಿತವರು ಆಗ ಶಾಲೆಯ ಸಾಲುಗಳಲ್ಲಿ ಕಾಣಿಸಿಕೊಂಡರು.

ಹಸಿದ ಹೊಟ್ಟೆಗೆ ಪಾಠ ಹತ್ತುವುದಿಲ್ಲವೆಂಬುದು ಅನುಭವದ ಮಾತು. 1960 ಮತ್ತು 70ರ ದಶಕಗಳಲ್ಲಿ 'ಕೇರ್' ಸಂಸ್ಥೆಯ ನೆರವಿನಿಂದ ಶಾಲೆಗಳಲ್ಲಿ ಉಪ್ಪಿಟ್ಟನ್ನೂ ಪುಡಿಹಾಲನ್ನೂ ಕೊಡುತ್ತಿದ್ದರು. ಆ ಉಪ್ಪಿಟ್ಟಿನ ಪರಿಮಳ ಆ ಕಾಲದಲ್ಲಿ ಓದಿದವರ ನೆನಪಿನಲ್ಲಿ ಇನ್ನೂ ಉಳಿದಿದೆ. 2002ರಲ್ಲಿ ರಾಜ್ಯದ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಬಿಸಿಯೂಟದ ಯೋಜನೆ ಆರಂಭವಾಗಿ, ಮರುವರ್ಷ ಉಳಿದ ಜಿಲ್ಲೆಗಳಿಗೂ ವಿಸ್ತರಿಸಿತು. ಅದಕ್ಕೆ ಇಟ್ಟ ಹೆಸರು 'ಅಕ್ಷರ ದಾಸೋಹ'. ಒಂದೇ ಪಾತ್ರೆಯ ಅನ್ನವನ್ನು ಒಂದೇ ಸಾಲಿನಲ್ಲಿ ಕುಳಿತು ಉಣ್ಣುವ ಮಕ್ಕಳು, ಹಿಂದಿನವರು ಕಾಯಿದೆಯಿಂದ ಕಲಿಯಲಾಗದ ಪಾಠವನ್ನು ಊಟದಿಂದ ಕಲಿಯುತ್ತಿದ್ದಾರೆ. 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡುವ ಯೋಜನೆ ಆರಂಭವಾದಾಗ, ದೂರದ ಕಾರಣದಿಂದ ಓದು ಬಿಡಬೇಕಾಗಿದ್ದ ಎಷ್ಟೋ ಹೆಣ್ಣುಮಕ್ಕಳಿಗೆ ಪ್ರೌಢಶಾಲೆ ಹತ್ತಿರವಾಯಿತು. 2009ರ ಶಿಕ್ಷಣ ಹಕ್ಕು ಕಾಯಿದೆಯು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದು, 6ರಿಂದ 14 ವರ್ಷದ ಪ್ರತಿಯೊಂದು ಮಗುವಿಗೂ ಉಚಿತ ಹಾಗೂ ಕಡ್ಡಾಯ ಶಿಕ್ಷಣವನ್ನು ಹಕ್ಕಾಗಿ ನೀಡಿತು. ಮಕ್ಕಳನ್ನು ಹೊಡೆಯುವುದನ್ನೂ ಅದು ನಿಷೇಧಿಸಿತು. ಕೋದಂಡದ ಹಗ್ಗ ಕೊನೆಗೂ ತುಂಡಾಯಿತು.

ಈ ಎಲ್ಲ ಪ್ರಯತ್ನಗಳ ಫಲ ಅಂಕಿಗಳಲ್ಲಿ ಕಾಣುತ್ತದೆ. 2011ರ ಜನಗಣತಿಯಂತೆ ತುಮಕೂರು ಜಿಲ್ಲೆಯ ಸಾಕ್ಷರತೆ ಶೇಕಡ 75.14. ಗಂಡಸರಲ್ಲಿ ಶೇಕಡ 82.81, ಹೆಂಗಸರಲ್ಲಿ ಶೇಕಡ 67.38. ನೂರಕ್ಕೆ ಒಬ್ಬರೂ ಇಲ್ಲದ ಕಾಲದಿಂದ ನೂರಕ್ಕೆ ಅರವತ್ತೇಳರವರೆಗೆ ನಡೆದು ಬಂದ ದಾರಿ ಸಣ್ಣದಲ್ಲ. ಆದರೆ ಗಂಡಸರಿಗೂ ಹೆಂಗಸರಿಗೂ ನಡುವೆ ಉಳಿದ ಹದಿನೈದು ಅಂಶಗಳ ಅಂತರವು ಕೆಲಸ ಇನ್ನೂ ಮುಗಿದಿರಲಿಲ್ಲವೆಂಬುದನ್ನು ನೆನಪಿಸುತ್ತದೆ.

ಈ ಕಥೆಗೆ ಈಚೆಗೆ ಒಂದು ವಿಚಿತ್ರ ತಿರುವು ಬಂದಿತು. 2020ರಲ್ಲಿ ಕೋವಿಡ್ ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿದವು. ಪಾಠವು ಮೊಬೈಲ್ ದೂರವಾಣಿಯ ಪರದೆಗೆ ಸೇರಿತು. ಪಟ್ಟಣದ ಅನುಕೂಲಸ್ಥರ ಮಕ್ಕಳಿಗೆ ಅದು ಸಾಧ್ಯವಾಯಿತು. ಮೊಬೈಲ್ ಇಲ್ಲದ ಮನೆಯ ಮಗು, ಇದ್ದರೂ ಸಂಪರ್ಕ ಸಿಗದ ಹಳ್ಳಿಯ ಮಗು ಮತ್ತೆ ಬಾಗಿಲಿನ ಹೊರಗೆ ಉಳಿಯಿತು. ಆಗ ಸರ್ಕಾರವು 'ವಿದ್ಯಾಗಮ' ಎಂಬ ಕಾರ್ಯಕ್ರಮವನ್ನು ರೂಪಿಸಿತು. ಶಿಕ್ಷಕರೇ ಮಕ್ಕಳಿರುವ ಕಡೆಗೆ ಹೋದರು. ದೇವಾಲಯದ ಅಂಗಳದಲ್ಲಿ, ಮರದ ನೆರಳಿನಲ್ಲಿ, ಮನೆಯ ಜಗಲಿಯ ಮೇಲೆ ಸಣ್ಣ ಸಣ್ಣ ಗುಂಪುಗಳಿಗೆ ಪಾಠ ಹೇಳಿದರು. ಸೋಂಕಿನ ಭಯದಿಂದ ಅದೂ ಕೆಲಕಾಲ ನಿಂತು, 2021ರ ಜನವರಿಯಲ್ಲಿ ಮತ್ತೆ ಆರಂಭವಾಯಿತು. ಇನ್ನೂರು ವರ್ಷಗಳ ಬಳಿಕ ಶಾಲೆಯು ಮರಳಿ ಜಗಲಿಗೆ ಬಂದಿತ್ತು. ಆದರೆ ಈ ಬಾರಿ ಆ ಜಗಲಿಯ ಮೇಲೆ ಹೆಣ್ಣು ಗಂಡೆಂಬ, ಮೇಲು ಕೀಳೆಂಬ ಭೇದವಿಲ್ಲದೆ ಎಲ್ಲ ಮಕ್ಕಳಿಗೂ ಜಾಗವಿತ್ತು. ನಡುವಿನ ಇನ್ನೂರು ವರ್ಷಗಳು ಗಳಿಸಿದ್ದು ಏನೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇಂದು ಶಾಲೆಯ ಮುಂದೆ ಹೊಸ ಪ್ರಶ್ನೆ ನಿಂತಿದೆ. ಹಿಂದೆ ಮಕ್ಕಳಿಗೆ ಶಾಲೆ ಸಾಲದಾಗಿತ್ತು. ಈಗ ಎಷ್ಟೋ ಹಳ್ಳಿಗಳ ಸರ್ಕಾರಿ ಕನ್ನಡ ಶಾಲೆಗಳಿಗೆ ಮಕ್ಕಳು ಸಾಲದಾಗಿದ್ದಾರೆ. ಕುಟುಂಬಗಳು ಚಿಕ್ಕವಾಗಿವೆ. ಕೆಲಸ ಅರಸಿ ಜನರು ತುಮಕೂರಿಗೋ ಬೆಂಗಳೂರಿಗೋ ಹೋಗುತ್ತಿದ್ದಾರೆ. ಉಳಿದವರಲ್ಲಿ ಅನೇಕರು ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಯ ಬಸ್ಸಿಗೆ ಮಕ್ಕಳನ್ನು ಹತ್ತಿಸುತ್ತಾರೆ. ಇಂಗ್ಲಿಷನ್ನು ಕಲಿಸಬೇಕೆಂಬ ತಂದೆತಾಯಿಯರ ಹಂಬಲವನ್ನು ತಪ್ಪೆನ್ನಲಾಗದು. ಆದರೆ ಶುಲ್ಕ ತೆರಬಲ್ಲವರು ಒಂದು ಬಾಗಿಲಿನಿಂದ, ತೆರಲಾರದವರು ಇನ್ನೊಂದು ಬಾಗಿಲಿನಿಂದ ಹೋಗುವಂತಾದರೆ, ಕಷ್ಟಪಟ್ಟು ಒಂದಾದ ಸಾಲು ಮತ್ತೆ ಎರಡಾಗುತ್ತದೆ. ಇದನ್ನು ಮನಗಂಡು ಕೆಲವು ಊರುಗಳಲ್ಲಿ ಹಳೆಯ ವಿದ್ಯಾರ್ಥಿಗಳು ತಾವು ಓದಿದ ಶಾಲೆಯ ಗೋಡೆಗೆ ಬಣ್ಣ ಬಳಿಸಿ, ಗ್ರಂಥಾಲಯಕ್ಕೆ ಪುಸ್ತಕ ಕೊಟ್ಟು, ಗಣಕಯಂತ್ರಗಳನ್ನು ಒದಗಿಸುತ್ತಿದ್ದಾರೆ. ಪೂರ್ವ ಪ್ರಾಥಮಿಕದಿಂದ ಹನ್ನೆರಡನೆಯ ತರಗತಿಯವರೆಗೆ ಒಂದೇ ಆವರಣದಲ್ಲಿ ಕಲಿಸುವ ಕರ್ನಾಟಕ ಪಬ್ಲಿಕ್ ಶಾಲೆಗಳನ್ನು ಸರ್ಕಾರವು 2018ರಿಂದ ತೆರೆಯುತ್ತಿದೆ.

ಮರಳು ಹೋಗಿ ಸ್ಲೇಟು ಬಂದಿತು. ಸ್ಲೇಟು ಹೋಗಿ ನೋಟುಪುಸ್ತಕ ಬಂದಿತು. ಅದರ ಪಕ್ಕದಲ್ಲಿ ಈಗ ಗಣಕಯಂತ್ರ ಬಂದು ಕುಳಿತಿದೆ. ಮುಂದೆ ಇನ್ನೇನು ಬರುವುದೋ ತಿಳಿಯದು. ಉಪಕರಣಗಳು ಬದಲಾಗುವುದು ಕಾಲದ ನಿಯಮ. ಶಾಲೆಯ ಏಳಿಗೆಯನ್ನು ಅವುಗಳಿಂದ ಅಳೆಯಲಾಗುವುದಿಲ್ಲ. ಬೆಳಗಿನ ಗಂಟೆ ಬಾರಿಸಿದಾಗ ಊರಿನ ಯಾವ ಮಗುವಾದರೂ ಬಾಗಿಲಿನ ಹೊರಗೆ ನಿಂತಿದೆಯೇ ಎಂದು ನೋಡಬೇಕು. ನಿಂತಿದ್ದರೆ ಅದನ್ನು ಕೈಹಿಡಿದು ಒಳಗೆ ಕರೆತರಬೇಕು. ಅಯ್ಯನವರ ಜಗಲಿಯಿಂದ ಇಂದಿನವರೆಗೆ ನಡೆದು ಬಂದ ದಾರಿಯಲ್ಲಿ ಶಾಲೆಯನ್ನು ಶಾಲೆಯಾಗಿ ಉಳಿಸಿದ್ದು ಆ ಕೈಯೇ. ಇಂದು ಒಳಗೆ ಕುಳಿತು ಓದುತ್ತಿರುವವರ ಮೇಲೆ ನಾಳೆ ಆ ಹೊಣೆ ಬೀಳಲಿದೆ.